ಅಕ್ಕನಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ

2025ರ ಜುಲೈ 6, ಭಾನುವಾರ. ಬೆಳಿಗ್ಗೆ ಏಳುವಾಗ ಅಕ್ಕನ ಮೂರು ಮೆಸೇಜ್ ಬಂದು ಕೂತಿದ್ದವು. ಅಕ್ಕ ಮದುವೆಯಾಗಿ ದುಬೈಗೆ ಹೋಗಿ ಇಪ್ಪತ್ತೆರಡು ವರ್ಷ ಆಯಿತು. ಅವಳ ಮಗ ಓದಲಿಕ್ಕೆಂದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಎರಡು ದಿನ ಹಿಂದೆ ಆ ಕಡೆ ಗ್ವಾಡಲೂಪೆ ನದಿ ಬೆಳಗಿನ ಜಾವ ಉಕ್ಕಿ, ಬೇಸಿಗೆ ಶಿಬಿರದಲ್ಲಿ ಮಲಗಿದ್ದ ಪುಟ್ಟ ಹೆಣ್ಣುಮಕ್ಕಳು ಕೊಚ್ಚಿಹೋಗಿದ್ದರು. ಹುಡುಗ ಫೋನ್ ಮಾಡಿ ‘ನನಗೇನೂ ಆಗಿಲ್ಲ’ ಅಂದಿದ್ದ. ಆದರೂ ಅಕ್ಕನಿಗೆ ನಿದ್ದೆ ಇಲ್ಲ. ಒಂದು ದೊಡ್ಡ ಸುದ್ದಿಸಂಸ್ಥೆ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಹಾಕಿದ್ದ ನಕ್ಷೆಯ ಲಿಂಕ್ ಕಳಿಸಿ, ‘ಇದು ನೋಡು, ಅವನ ಊರಿಂದ ಎಷ್ಟು ದೂರ ಅಂತ ಹೇಳು, ನನಗೆ ಈ ಮೈಲಿ ಲೆಕ್ಕ ತಲೆಗೆ ಹೋಗುವುದಿಲ್ಲ’ ಎಂದು ಬರೆದಿದ್ದಳು.

ಲಿಂಕ್ ಒತ್ತಿದೆ. ನಕ್ಷೆ ಬರಲಿಲ್ಲ. ಬೂದು ಬಣ್ಣದ ಒಂದು ಪೆಟ್ಟಿಗೆ ಬಂತು. ಕಾನೂನಿನ ಕೋರಿಕೆಯ ಮೇರೆಗೆ ಈ ಖಾತೆಯನ್ನು ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬ ಅರ್ಥದ ಇಂಗ್ಲಿಷ್ ಸಾಲು. ಅಷ್ಟೇ. ನೆಟ್‌ವರ್ಕ್ ಸರಿ ಇಲ್ಲವೇನೋ ಅಂತ ವೈಫೈ ಆಫ್ ಮಾಡಿ ನೋಡಿದೆ. ಅದೇ ಪೆಟ್ಟಿಗೆ. ‘ಅಕ್ಕ, ಇದು ಇಲ್ಲಿ ಓಪನ್ ಆಗ್ತಾ ಇಲ್ಲ’ ಎಂದು ಬರೆದೆ. ‘ಎಂತ ಮಾರಾಯ್ತಿ, ನನಗೆ ಕಾಣ್ತಾ ಉಂಟಲ್ಲ!’ ಎಂದು ಉತ್ತರ ಬಂತು. ಆಮೇಲೆ ಅವಳೇ ಕಾಲ್ ಮಾಡಿದಳು, ಬೋಟಿಮ್ ಎಂಬ ಕಾಲ್ ಆ್ಯಪ್‌ನಲ್ಲಿ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ವಾಟ್ಸಾಪ್ ಕಾಲ್ ಹೋಗುವುದಿಲ್ಲ. ಗಲ್ಫ್‌ನಲ್ಲಿ ಮಕ್ಕಳಿರುವ ನಮ್ಮ ಕರಾವಳಿಯ ಮನೆಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪುತ್ತೂರಿನಲ್ಲಿರುವ ನಮ್ಮ ಅಮ್ಮನ ಫೋನಿನಲ್ಲೂ ಬೋಟಿಮ್ ಇದೆ. ಆ ಕಾಲ್‌ನಲ್ಲಿ ಅಕ್ಕ ತನಗೆ ಕಾಣುತ್ತಿದ್ದ ನಕ್ಷೆಯನ್ನು ನನಗೆ ಬಾಯಲ್ಲಿ ಹೇಳುತ್ತಾ ಹೋದಳು. ‘ಮೇಲೆ ಒಂದು ಊರು ಉಂಟು, ಕೆರ್‌ವಿಲ್ ಅಂತ. ನದಿ ಅಲ್ಲಿಂದ ಬಲಕ್ಕೆ ಬರ್ತದೆ...’ ನಾನು ಇಲ್ಲಿ ಕಾಗದದ ಮೇಲೆ ಗೆರೆ ಎಳೆದುಕೊಂಡು ಕೂತೆ. ಅವಳ ದೇಶ ಅವಳ ಕಾಲ್ ತಡೆದಿತ್ತು, ನನ್ನ ದೇಶದಲ್ಲಿ ನನ್ನ ಪುಟ ಮುಚ್ಚಿತ್ತು. ಇವೆರಡರ ನಡುವೆ ಒಬ್ಬ ಹುಡುಗ ಕ್ಷೇಮವಾಗಿದ್ದಾನಾ ಅಂತ ತಿಳಿಯಲು ನಾವಿಬ್ಬರು ಒದ್ದಾಡುತ್ತಿದ್ದೆವು.

ಸುಮಾರು ನೂರು ಕಿಲೋಮೀಟರ್ ಅಂತ ಹೇಳಿದೆ. ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಮತ್ತೆ ಕೇಳಿದಳು: ‘ಅಲ್ಲ, ಯಾರು ಮುಚ್ಚಿದ್ದು ಅದನ್ನು? ಎಂತಕ್ಕೆ?’

ಆ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಯಾರು ಮುಚ್ಚಿದ್ದು?

ಆ ಖಾತೆ ರಾಯಿಟರ್ಸ್ ಸಂಸ್ಥೆಯದು. ಶನಿವಾರ ರಾತ್ರಿ ಭಾರತದಲ್ಲಿ ಮುಚ್ಚಿಕೊಂಡಿತು, ಭಾನುವಾರ ರಾತ್ರಿ ಮತ್ತೆ ತೆರೆದುಕೊಂಡಿತು. ನಡುವೆ ಸರ್ಕಾರದವರು ರಾಯಿಟರ್ಸ್ ಖಾತೆ ತಡೆಯಬೇಕಾದ ಅಗತ್ಯವೇ ನಮಗಿಲ್ಲ ಎಂದರು. ಎರಡು ದಿನ ಬಿಟ್ಟು ಎಕ್ಸ್ ಕಂಪನಿ, ಜುಲೈ 3ರಂದು ಸರ್ಕಾರ 2,355 ಖಾತೆಗಳನ್ನು ತಡೆಯಲು ಆದೇಶ ಕೊಟ್ಟಿತ್ತು, ಅದರಲ್ಲಿ ರಾಯಿಟರ್ಸ್ ಕೂಡ ಇತ್ತು ಎಂದಿತು. ಸರ್ಕಾರ ಜುಲೈ 3ರಂದು ಹೊಸ ಆದೇಶ ಯಾವುದೂ ಕೊಟ್ಟಿಲ್ಲ ಎಂದು ಮತ್ತೆ ಹೇಳಿತು. ಇಬ್ಬರಲ್ಲಿ ಒಬ್ಬರ ಮಾತು ತಪ್ಪಿರಲೇಬೇಕು, ಅಲ್ವಾ? ಆದೇಶದ ಪ್ರತಿ ಒಂದು ಕಣ್ಣೆದುರು ಇದ್ದಿದ್ದರೆ ಐದು ನಿಮಿಷದಲ್ಲಿ ಬಗೆಹರಿಯುವ ಮಾತು. ಪ್ರತಿ ನಮಗೆ ಸಿಗುವುದಿಲ್ಲ. ಸಿಗಬಾರದು ಅಂತಲೇ ನಿಯಮ ಇದೆ.

ಐಟಿ ಕಾಯ್ದೆಯ ಸೆಕ್ಷನ್ 69ಎ ಅಡಿಯಲ್ಲಿ 2009ರಲ್ಲಿ ಮಾಡಿದ ನಿಯಮಗಳು ಅವು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಬೇರೆ ದೇಶಗಳ ಜೊತೆಗಿನ ಸಂಬಂಧ, ಹೀಗೆ ಕೆಲವು ಕಾರಣಗಳಿಗೆ ಕೇಂದ್ರ ಸರ್ಕಾರ ಯಾವುದೇ ಪುಟವನ್ನು ತಡೆಯಿರಿ ಎನ್ನಬಹುದು. ಕಾರಣ ಬರವಣಿಗೆಯಲ್ಲಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆದರೆ 16ನೇ ನಿಯಮ, ಬಂದ ದೂರು ಮತ್ತು ಅದರ ಮೇಲಿನ ಕ್ರಮ ಎರಡನ್ನೂ ಗುಟ್ಟಾಗಿಡಬೇಕು ಎನ್ನುತ್ತದೆ. ಕಾರಣ ಬರೆಯುತ್ತಾರೆ, ಬರೆದು ಬೀಗ ಹಾಕಿಡುತ್ತಾರೆ. ಆರ್‌ಟಿಐ ಹಾಕಿದವರಿಗೂ ಇದೇ ನಿಯಮ ತೋರಿಸಿ ಕಳಿಸುತ್ತಾರೆ. 2018ರಲ್ಲಿ ಹೀಗೆ 2,799 ಲಿಂಕ್‌ಗಳನ್ನು ತಡೆದಿದ್ದರು, 2020ರಲ್ಲಿ 9,849. ಈ ಲೆಕ್ಕ ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟದ್ದು. ಲೆಕ್ಕ ಮಾತ್ರ ಕೊಡುತ್ತಾರೆ, ಪಟ್ಟಿ ಕೊಡುವುದಿಲ್ಲ.

ಇನ್ನೊಂದು ಸಣ್ಣ ಪದ ನನ್ನನ್ನು ತುಂಬಾ ಕಾಡುತ್ತದೆ. ತಡೆಯುವ ಮೊದಲು ನೋಟಿಸ್ ಯಾರಿಗೆ ಕೊಡಬೇಕು? 8ನೇ ನಿಯಮದಲ್ಲಿ ‘ವ್ಯಕ್ತಿ ಅಥವಾ ಮಧ್ಯವರ್ತಿ’ ಅಂತಿದೆ. ವ್ಯಕ್ತಿ ಅಂದರೆ ಬರೆದವರು. ಮಧ್ಯವರ್ತಿ ಅಂದರೆ ಎಕ್ಸ್, ಯೂಟ್ಯೂಬ್ ತರದ ಕಂಪನಿ. ಬರೆದವರು ಯಾರೆಂದು ಗೊತ್ತಾದರೆ ಅವರ ಮಾತನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಹೇಳಿದೆ. ಆದರೂ ಆ ‘ಅಥವಾ’ ಹಾಗೇ ಉಳಿದಿದೆ. ಕಂಪನಿಗೆ ಒಂದು ಮೇಲ್ ಹೋದರೆ ಕೆಲಸ ಮುಗಿಯಿತು. ಬರೆದವರಿಗೆ ಒಂದು ದಿನ ಖಾತೆಯೇ ಮಾಯ. ಓದುವವರ ಹೆಸರಂತೂ ಆ ಸಾಲಿನಲ್ಲಿ ಮೊದಲಿಂದಲೂ ಇಲ್ಲ.

ಫೋನಿಗೆ ನಮ್ಮ ಊರು ಗೊತ್ತಾದದ್ದು

ಒಂದೇ ಪುಟ ದುಬೈಗೆ ಒಂದು ತರ, ಬೆಂಗಳೂರಿಗೆ ಒಂದು ತರ ಕಾಣುವ ವ್ಯವಸ್ಥೆ ಎಲ್ಲಿಂದ ಶುರುವಾಯಿತು ಅಂತ ಹುಡುಕಿಕೊಂಡು ಹೋದರೆ ಪ್ಯಾರಿಸ್ ಸಿಗುತ್ತದೆ. 2000ನೇ ಇಸವಿ. ಯಾಹೂ ಕಂಪನಿಯ ಹರಾಜು ಪುಟದಲ್ಲಿ ನಾಜಿಗಳ ಪದಕ, ಬಾವುಟ, ಸಮವಸ್ತ್ರ ಮಾರಾಟಕ್ಕಿದ್ದವು. ಫ್ರಾನ್ಸ್‌ನಲ್ಲಿ ಅಂಥದ್ದನ್ನು ಪ್ರದರ್ಶಿಸುವುದು ಅಪರಾಧ. ನಾಜಿಗಳು ಊರೊಳಗೆ ಬಂದು ಜನರನ್ನು ಎಳೆದುಕೊಂಡು ಹೋದದ್ದನ್ನು ನೋಡಿದ ದೇಶ ಅದು. ಅಮೆರಿಕದಲ್ಲಿ ಅದನ್ನು ಮಾರುವುದು ತಪ್ಪಲ್ಲ. ನಮ್ಮ ಕಂಪ್ಯೂಟರುಗಳು ಅಮೆರಿಕದಲ್ಲಿವೆ, ನೋಡುವವರು ಎಲ್ಲಿಯವರೆಂದು ನಮಗೆ ತಿಳಿಯುವುದೂ ಇಲ್ಲ ಎಂದು ಯಾಹೂ ವಾದಿಸಿತು. ನ್ಯಾಯಾಧೀಶ ಗೋಮೆಜ್ ಮೂವರು ತಜ್ಞರನ್ನು ಕೇಳಿದರು. ಅವರಲ್ಲಿ ಒಬ್ಬರು ಇಂಟರ್ನೆಟ್ ಕಟ್ಟಿದವರಲ್ಲೇ ಒಬ್ಬರಾದ ವಿಂಟ್ ಸರ್ಫ್. ಫ್ರಾನ್ಸ್‌ನಿಂದ ನೋಡುವವರಲ್ಲಿ ಸುಮಾರು 70 ಶೇಕಡಾ ಜನರನ್ನು ಐಪಿ ವಿಳಾಸದಿಂದಲೇ, ಅಂದರೆ ಇಂಟರ್ನೆಟ್ಟಿನಲ್ಲಿ ಅವರ ಕಂಪ್ಯೂಟರಿಗೆ ಇರುವ ನಂಬರಿನಿಂದಲೇ, ಗುರುತು ಹಿಡಿಯಬಹುದು ಎಂಬ ಉತ್ತರ ಬಂತು. ಹಾಗಾದರೆ ತಡೆಯಿರಿ, ಇಲ್ಲದಿದ್ದರೆ ದಿನಕ್ಕೆ 1 ಲಕ್ಷ ಫ್ರಾಂಕ್ ದಂಡ ಕಟ್ಟಿ ಎಂದು ನ್ಯಾಯಾಲಯ ಹೇಳಿತು.

ಆ 70 ಶೇಕಡಾ ಎಂಬ ಅಂಕಿಯಲ್ಲೇ ನನ್ನ ಬೂದು ಪೆಟ್ಟಿಗೆ ಹುಟ್ಟಿದ್ದು. ಟ್ವಿಟರ್ 2012ರ ಜನವರಿಯಲ್ಲಿ, ಇನ್ನು ಮುಂದೆ ಒಂದೊಂದು ದೇಶಕ್ಕೆ ಬೇರೆ ಬೇರೆಯಾಗಿ ತಡೆಯುತ್ತೇವೆ ಎಂದು ಪ್ರಕಟಿಸಿತು. ಅದೇ ವರ್ಷ ಅದನ್ನು ಮೊದಲು ಬಳಸಿದ್ದು ಜರ್ಮನಿಯಲ್ಲಿ, ಅದೂ ಒಂದು ನವನಾಜಿ ಗುಂಪಿನ ಮೇಲೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ವ್ಯವಸ್ಥೆ ಹುಟ್ಟಿದ್ದು ಕೆಟ್ಟ ಉದ್ದೇಶದಿಂದಲ್ಲ. ಫ್ರಾನ್ಸ್‌ನ ನೋವು ಫ್ರಾನ್ಸ್‌ಗೆ ಗೊತ್ತು. ಅದನ್ನು ಕ್ಯಾಲಿಫೋರ್ನಿಯಾದ ಕಂಪನಿಯ ವಕೀಲರು ತೀರ್ಮಾನಿಸಬಾರದು. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ.

ಗಡಿ ಕಟ್ಟದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ದಿನದ ಸಾಕ್ಷಿ ಇದೆ. 2008ರ ಫೆಬ್ರವರಿ 24. ಪಾಕಿಸ್ತಾನ ಸರ್ಕಾರ ತನ್ನ ದೇಶದಲ್ಲಿ ಯೂಟ್ಯೂಬ್ ಮುಚ್ಚಲು ಹೇಳಿತು. ಅಲ್ಲಿನ ಟೆಲಿಕಾಂ ಕಂಪನಿ, ಯೂಟ್ಯೂಬ್ ವಿಳಾಸಕ್ಕೆ ಹೋಗುವ ದಾರಿ ನಮ್ಮಲ್ಲಿದೆ ಎಂದು ತನ್ನ ರೂಟರುಗಳಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ದಾರಿ ತೋರಿಸುವ ಯಂತ್ರಗಳಿಗೆ, ಹೇಳಿತು. ಆ ಕಡೆ ಬಂದ ಎಲ್ಲವನ್ನೂ ಗುಂಡಿಗೆ ಹಾಕುವುದು ಲೆಕ್ಕಾಚಾರ. ಜಾತ್ರೆಗೆ ಹೋಗುವವರನ್ನು ತಡೆಯಲು ಊರ ಬಾಗಿಲಲ್ಲಿ ಸುಳ್ಳು ಕೈಮರ ನೆಟ್ಟ ಹಾಗೆ. ಆದರೆ ಆ ಸುಳ್ಳು ದಾರಿಯ ಸುದ್ದಿ ಹಾಂಗ್‌ಕಾಂಗ್‌ನ ಒಂದು ಕಂಪನಿಯ ಮೂಲಕ ಹೊರಗೆ ಸೋರಿತು. ಇಂಟರ್ನೆಟ್ಟಿನ ರೂಟರುಗಳು ಹೆಚ್ಚು ಖಚಿತವಾದ ವಿಳಾಸ ಹೇಳಿದವರನ್ನೇ ನಂಬುತ್ತವೆ. ಅವು ಪಾಕಿಸ್ತಾನದ ಕೈಮರವನ್ನೇ ನಂಬಿದವು. ಸುಮಾರು ಎರಡು ಗಂಟೆ ಹೊತ್ತು ಪ್ರಪಂಚದ ಬಹುಪಾಲು ಜನಕ್ಕೆ ಯೂಟ್ಯೂಬ್ ಇರಲಿಲ್ಲ. ಅದು ಆಕಸ್ಮಿಕ.

ಈಗ ಅದನ್ನೇ ಬೇಕೆಂದು ಮಾಡಿಸುವ ಆದೇಶಗಳು ಬರುತ್ತಿವೆ. 2019ರಲ್ಲಿ ಒಂದೇ ತಿಂಗಳೊಳಗೆ ಮೂರು ತೀರ್ಪು ಬಂದವು. ಸೆಪ್ಟೆಂಬರ್ 24ರಂದು ಯುರೋಪಿನ ನ್ಯಾಯಾಲಯ, ಮರೆಯಲ್ಪಡುವ ಹಕ್ಕಿಗಾಗಿ (ತಮ್ಮ ಬಗೆಗಿನ ಹಳೆಯ ಮಾಹಿತಿ ಹುಡುಕಿದಾಗ ಕಾಣದಂತೆ ಮಾಡಿಸುವ ಹಕ್ಕು) ಗೂಗಲ್ ಇಡೀ ಪ್ರಪಂಚದಲ್ಲಿ ಲಿಂಕ್ ತೆಗೆಯಬೇಕಾಗಿಲ್ಲ ಎಂದಿತು. ಅಕ್ಟೋಬರ್ 3ರಂದು ಅದೇ ನ್ಯಾಯಾಲಯ, ಆಸ್ಟ್ರಿಯಾದ ರಾಜಕಾರಣಿಯೊಬ್ಬರ ಮಾನಹಾನಿ ಪ್ರಕರಣದಲ್ಲಿ, ಒಂದು ದೇಶದ ಕೋರ್ಟು ಪ್ರಪಂಚಕ್ಕೆಲ್ಲ ಅನ್ವಯಿಸುವ ಆದೇಶ ಕೊಟ್ಟರೆ ಯುರೋಪಿನ ಕಾನೂನು ಅಡ್ಡ ಬರುವುದಿಲ್ಲ ಎಂದಿತು. ಅಕ್ಟೋಬರ್ 23ರಂದು ದೆಹಲಿ ಹೈಕೋರ್ಟ್, ಇನ್ನೊಂದು ಮಾನಹಾನಿ ಪ್ರಕರಣದಲ್ಲಿ, ಭಾರತದಿಂದ ಹಾಕಿದ್ದಾದರೆ ಎಲ್ಲ ದೇಶದಲ್ಲೂ ತೆಗೆಯಿರಿ ಎಂದಿತು. ಈ ದಾರಿಯಲ್ಲಿ ಮುಂದೆ ಹೋದರೆ ಎಲ್ಲಕ್ಕಿಂತ ಬಿಗಿಯಾದ ದೇಶದ ಕಾನೂನೇ ಎಲ್ಲರ ಕಾನೂನಾಗುತ್ತದೆ. ಆಗ ಅಕ್ಕನೂ ನನಗೆ ನಕ್ಷೆ ಓದಿ ಹೇಳಲಾರಳು. ಹಾಗಾಗಿ ಎರಡರಲ್ಲಿ ಒಂದು ಆರಿಸು ಅಂದರೆ ನಾನು ದೇಶಕ್ಕೊಂದು ಬೇಲಿಯನ್ನೇ ಆರಿಸಬೇಕು. ನನ್ನನ್ನು ಕಾಡಿದ ಆ ಪೆಟ್ಟಿಗೆಯನ್ನೇ.

ಸಿಟಿ ಸ್ಟೇಷನ್, ಆಗಸ್ಟ್ 2012

ಯಾವುದನ್ನೂ ತಡೆಯಲೇಬಾರದು ಎನ್ನುವವರ ಜೊತೆ ನಾನು ನಿಲ್ಲಲಾರೆ. ಅದಕ್ಕೆ ಕಾರಣ 2012ರ ಆಗಸ್ಟ್ ತಿಂಗಳ ಒಂದು ರಾತ್ರಿ.

ಆಗ ಈಜಿಪುರದ ಒಂದು ಪಿಜಿಯಲ್ಲಿದ್ದೆ. ನನ್ನ ರೂಮ್‌ಮೇಟ್ ಅಸ್ಸಾಮಿನ ತೇಜ್‌ಪುರದ ಹುಡುಗಿ, ಕಾಲ್ ಸೆಂಟರಿನಲ್ಲಿ ಕೆಲಸ. ಅಸ್ಸಾಮಿನ ಕೊಕ್ರಜಾರ್‌ನಲ್ಲಿ ಬೋಡೋ ಜನರ ಮತ್ತು ಮುಸ್ಲಿಮರ ನಡುವೆ ಗಲಭೆ ಆಗಿ ಮೂರು ವಾರ ಕಳೆದಿತ್ತು. ಒಂದು ಸಂಜೆ ಕೆಲಸದಿಂದ ಬರುವಾಗ ಅವಳು ಮಂಚದ ಮೇಲೆ ಬೆಡ್‌ಶೀಟ್ ಹಾಸಿ ಅದರೊಳಗೆ ರೈಸ್ ಕುಕ್ಕರ್ ಸುತ್ತುತ್ತಿದ್ದಳು. ಏನು ಅಂತ ಕೇಳಿದರೆ ಮಾತಾಡದೆ ಫೋನ್ ಕೊಟ್ಟಳು. ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಈಶಾನ್ಯದವರನ್ನು ಹುಡುಕಿ ಹೊಡೆಯುತ್ತಾರೆ, ಬೇಗ ಹೊರಡಿ ಎಂಬ ಎಸ್ಸೆಮ್ಮೆಸ್. ಜೊತೆಗೆ ಯಾರೋ ಕಳಿಸಿದ ಹೆಣಗಳ ಫೋಟೋ. ಎಲ್ಲಿಯದೋ ಏನೋ. ‘ಇದು ನಿಜವಾ? ನೀನು ಇಲ್ಲಿಯವಳು, ನಿನಗೆ ಗೊತ್ತಿರಬೇಕು’ ಎಂದಳು. ಸುಳ್ಳು ಎಂದೆ. ಆದರೆ ನನ್ನ ದನಿಯಲ್ಲಿ ಗಟ್ಟಿ ಇರಲಿಲ್ಲ. ಅವಳಿಗೆ ಅದು ಗೊತ್ತಾಯಿತು.

ಆಟೋ ಮಾಡಿಕೊಂಡು ಸಿಟಿ ಸ್ಟೇಷನ್‌ಗೆ ಬಿಡಲು ಹೋದೆ. ಗುವಾಹಟಿಗೆ ವಿಶೇಷ ರೈಲು ಬಿಟ್ಟಿದ್ದರು. ಪ್ಲಾಟ್‌ಫಾರಂ ತುಂಬಾ ಹುಡುಗರು, ಹುಡುಗಿಯರು. ಸೆಕ್ಯೂರಿಟಿ ಗಾರ್ಡ್ ಯೂನಿಫಾರಂ ತೆಗೆಯದೇ ಬಂದವರು, ಬ್ಯೂಟಿ ಪಾರ್ಲರಿನ ಏಪ್ರನ್‌ನಲ್ಲಿದ್ದವರು. ಪೊಲೀಸರು ಮೈಕಿನಲ್ಲಿ ಹೆದರಬೇಡಿ, ಹೋಗಬೇಡಿ ಎಂದು ಕೂಗುತ್ತಿದ್ದರು. ಯಾರೋ ನೀರಿನ ಬಾಟಲಿ ಹಂಚುತ್ತಿದ್ದರು. ಇಡೀ ಬೆಂಗಳೂರಿನಲ್ಲಿ ಅವರ ಮೇಲೆ ಯಾರೂ ದಂಡೆತ್ತಿ ಬಂದಿರಲಿಲ್ಲ. ಒಂದು ಮೆಸೇಜ್ ಸಾವಿರಾರು ಜನರನ್ನು ಕೆಲಸ, ಬಾಡಿಗೆ ಮನೆ, ಬರಬೇಕಾದ ಸಂಬಳ ಎಲ್ಲ ಬಿಟ್ಟು ಮೂರು ದಿನದ ಪ್ರಯಾಣಕ್ಕೆ ಹತ್ತಿಸಿತ್ತು. ಜನರಲ್ ಬೋಗಿಯ ಬಾಗಿಲಲ್ಲಿ ಅವಳನ್ನು ಒಳಗೆ ತಳ್ಳಿ, ಕಿಟಕಿಯಿಂದ ಆ ಗಂಟನ್ನು ಕೊಟ್ಟೆ.

ಮರುದಿನದಿಂದ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಮಿತಿ ಹಾಕಿತು. ಎಲ್ಲಿದ್ದೀಯ, ಊಟ ಮಾಡಿದ್ಯಾ ಎಂದು ಕೇಳುತ್ತಾ ನನ್ನ ಐದೂ ಮಧ್ಯಾಹ್ನದೊಳಗೆ ಮುಗಿಯುತ್ತಿದ್ದವು. ಆದರೂ ನನಗೆ ಸಿಟ್ಟು ಬರಲಿಲ್ಲ. ತಡೆಯಲಿ ಅನ್ನಿಸಿತು. ಇನ್ನೂ ಮೊದಲೇ ತಡೆಯಬೇಕಿತ್ತು ಅನ್ನಿಸಿತು.

ಸಿಟ್ಟು ಬಂದದ್ದು ಆಮೇಲೆ. ಆ ವಾರ ಸರ್ಕಾರ ಇಂಟರ್ನೆಟ್ಟಿನಲ್ಲೂ ಒಂದಷ್ಟನ್ನು ತಡೆಯಿತು. ಪಟ್ಟಿ ಹೇಗೋ ಹೊರಗೆ ಬಂತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಪ್ರಣೇಶ್ ಪ್ರಕಾಶ್ ಅದನ್ನು ಒಂದೊಂದಾಗಿ ನೋಡಿ ಲೆಕ್ಕ ಹಾಕಿದರು. ಒಟ್ಟು 309 ಇದ್ದವು. ಅದರಲ್ಲಿ ದ್ವೇಷ ಹಬ್ಬಿಸುವಂಥವು ಇದ್ದವು, ನಿಜ. ಆದರೆ ಈ ಫೋಟೋಗಳು ಸುಳ್ಳು, ಇವು ಬೇರೆ ದೇಶದವು, ನಂಬಬೇಡಿ ಎಂದು ಬಿಡಿಸಿ ಹೇಳಿದ ಬರಹಗಳೂ ಇದ್ದವು. ಅವಳು ಫೋನ್ ಹಿಡಿದು ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅದನ್ನೂ ಮುಚ್ಚಿದ್ದರು. ಬೇಕೆಂದು ಮಾಡಿದ್ದಲ್ಲ, ಅವಸರದಲ್ಲಿ ಆದ ತಪ್ಪು. ಅದು ತಪ್ಪು ಅಂತ ನಮಗೆ ತಿಳಿದದ್ದು ಪಟ್ಟಿ ಹೊರಗೆ ಬಂದದ್ದರಿಂದ. ಬರದೇ ಇದ್ದ ಪಟ್ಟಿಗಳಲ್ಲಿ ಎಷ್ಟು ತಪ್ಪುಗಳಿವೆಯೋ ಯಾರು ಎಣಿಸುತ್ತಾರೆ?

ಕನ್ನಡಕ್ಕೆ ಹೊರಗಡೆ ಎಂಬುದಿಲ್ಲ

ಭಾರತದಲ್ಲಿ ಮಾತ್ರ ತಡೆದಿದ್ದಾರೆ, ಬೇರೆಲ್ಲ ಕಡೆ ಇದೆಯಲ್ಲ ಎಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಸಮಾಧಾನ ಆಗಬಹುದು. ದೆಹಲಿಯಲ್ಲಿ ಮುಚ್ಚಿದರೆ ಲಂಡನ್ನಿನಲ್ಲಿ ಓದುವವರು ಇರುತ್ತಾರೆ. ಕನ್ನಡದಲ್ಲಿ ಬರೆದದ್ದನ್ನು ಭಾರತದಲ್ಲಿ ತಡೆದರೆ ಉಳಿಯುವುದು ಎಷ್ಟು? ದುಬೈಯ ಅಕ್ಕ, ಅಮೆರಿಕದ ಫ್ರೀಮಾಂಟಿನ ಒಂದಷ್ಟು ಮನೆಗಳು. ಅವರೂ ಊರಿನ ಸುದ್ದಿ ನೋಡುವುದು ಊರಿನವರು ಕಳಿಸಿದಾಗ. ಬೆಂಗಳೂರಿನಲ್ಲಿ ಕಾಣದ್ದನ್ನು ಅವರಿಗೆ ಕಳಿಸುವವರು ಯಾರು? ಕನ್ನಡ, ತುಳು, ಕೊಡವ ಭಾಷೆಗಳಿಗೆ ದೇಶದ ಬೇಲಿಯೇ ಹೆಚ್ಚುಕಡಿಮೆ ಇಡೀ ಪ್ರಪಂಚದ ಬೇಲಿ. ಕಡಿಮೆ ನೋವಿನದು ಅಂತ ನಾನು ಆರಿಸಿದ ವ್ಯವಸ್ಥೆ ನನ್ನ ಭಾಷೆಯ ಮಟ್ಟಿಗೆ ಕಡಿಮೆ ನೋವಿನದಲ್ಲ.

ಇದು ಕಣ್ಣಿಗೆ ಕಂಡದ್ದು ಅದೇ 2025ರ ಜುಲೈನಲ್ಲಿ. ಧರ್ಮಸ್ಥಳದ ಪ್ರಕರಣದ ಬಗ್ಗೆ ಬೆಂಗಳೂರಿನ ಸಿವಿಲ್ ಕೋರ್ಟ್ ಒಂದು ಮಧ್ಯಂತರ ಆದೇಶ ಕೊಟ್ಟಿತು. ಎದುರಿನವರ ವಾದ ಕೇಳುವ ಮೊದಲೇ 8,842 ಲಿಂಕ್‌ಗಳಿಗೆ ಸಂಬಂಧಿಸಿ ಬಂದ ಆದೇಶ. ಇಷ್ಟು ದೊಡ್ಡ ಸಂಖ್ಯೆಯ ವಿಡಿಯೋ, ಪೋಸ್ಟ್‌ಗಳಲ್ಲಿ ನಿಜ ಯಾವುದು, ನಿಂದನೆ ಯಾವುದು ಎಂಬುದು ಬೇರೆ ಮಾತು, ಅದನ್ನು ತೀರ್ಮಾನಿಸುವುದು ನನ್ನ ಕೆಲಸ ಅಲ್ಲ. ನನಗೆ ಮುಖ್ಯ ಅನ್ನಿಸಿದ್ದು ಮುಂದೆ ನಡೆದದ್ದು. ಆದೇಶ ಎಲ್ಲರ ಕಣ್ಣೆದುರು ಇತ್ತು. ಪಟ್ಟಿಯಲ್ಲಿ ತಮ್ಮ ಹೆಸರು ನೋಡಿದ ಮಂಗಳೂರು ಕಡೆಯ ಒಂದು ಯೂಟ್ಯೂಬ್ ಚಾನೆಲ್‌ನವರು ಹೈಕೋರ್ಟಿಗೆ ಹೋದರು. ಆಗಸ್ಟ್ 1ರಂದು ಹೈಕೋರ್ಟ್ ಅವರ ಮೇಲಿನ ತಡೆಯನ್ನು ತೆಗೆಯಿತು. ಎರಡು ವಾರ ಸಾಕಾಯಿತು. ಕಾಗದ ಕೈಯಲ್ಲಿದ್ದರೆ ಜಗಳ ಮಾಡಬಹುದು.

69ಎ ಆದೇಶಗಳ ಜಗಳವೂ ನಮ್ಮ ಹೈಕೋರ್ಟಿನಲ್ಲೇ ನಡೆದಿದೆ. 2022ರ ಜುಲೈಯಲ್ಲಿ ಟ್ವಿಟರ್ ಕಂಪನಿ 39 ಲಿಂಕ್‌ಗಳ ವಿಷಯದಲ್ಲಿ ಕೇಂದ್ರದ ವಿರುದ್ಧ ಬಂತು. ಆದೇಶಗಳು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಹೋದವು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ದಂಡ ಹಾಕಿದರು. ಇದನ್ನು ತೆಗೆಯಿರಿ ಎಂದು ಸರ್ಕಾರಿ ಕಚೇರಿಗಳು ಕಂಪನಿಗಳಿಗೆ ನೋಟಿಸ್ ಕಳಿಸುವ ಸಹಯೋಗ್ ಪೋರ್ಟಲ್ ವಿರುದ್ಧ ಅದೇ ಕಂಪನಿ ಹಾಕಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾ ಮಾಡಿದರು. ಎರಡು ಸಲವೂ ಒಂದು ಕಡೆ ಕಂಪನಿ, ಇನ್ನೊಂದು ಕಡೆ ಸರ್ಕಾರ. ವಿದೇಶಿ ಕಂಪನಿಗೆ ಮಾತಿನ ಸ್ವಾತಂತ್ರ್ಯ ಕೊಡುವ ನಮ್ಮ ಸಂವಿಧಾನದ 19ನೇ ವಿಧಿ ಸಿಗುತ್ತದಾ ಎಂಬುದರ ಮೇಲೆ ತುಂಬಾ ವಾದ ನಡೆಯಿತು. ಸಿಗುವುದಿಲ್ಲ ಎಂದಿತು ಕೋರ್ಟ್. ಸರಿ. ಆದರೆ 19ನೇ ವಿಧಿ ನನಗೆ ಸಿಗುತ್ತದಲ್ಲ? ಬರೆದ ಕನ್ನಡಿಗರಿಗೆ, ಓದುವ ಕನ್ನಡಿಗರಿಗೆ ಸಿಗುತ್ತದಲ್ಲ? ನಮ್ಮ ಕೈಗೆ ಆದೇಶವೇ ಬರುವುದಿಲ್ಲ. ಏನನ್ನು ಹಿಡಿದುಕೊಂಡು ಕೋರ್ಟಿಗೆ ಹೋಗುವುದು?

ಕಂಪನಿಯನ್ನು ನಾನು ನಮ್ಮ ಕಡೆಯವರು ಎಂದು ಅಂದುಕೊಂಡಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಲೂಮೆನ್ ಎಂಬ ಸಂಗ್ರಹಕ್ಕೆ ಟ್ವಿಟರ್ ತನಗೆ ಬಂದ ಕೋರಿಕೆಗಳ ಪ್ರತಿ ಕಳಿಸುತ್ತಿತ್ತು. ಯಾವ ಖಾತೆಗೆ ಯಾವಾಗ ಆದೇಶ ಬಂತು ಎಂದು ತಿಳಿಯಲು ಪತ್ರಕರ್ತರಿಗೆ ಇದ್ದ ಒಂದು ಕಿಂಡಿ ಅದು. 2023ರ ಏಪ್ರಿಲ್‌ನಲ್ಲಿ ಕಳಿಸುವುದನ್ನು ನಿಲ್ಲಿಸಿತು. ಅದನ್ನು ನಿಲ್ಲಿಸು ಅಂತ ಯಾವ ಕೋರ್ಟೂ ಹೇಳಿರಲಿಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ಆ ಬೂದು ಪೆಟ್ಟಿಗೆಯಲ್ಲಿ ಇನ್ನೂ ಎರಡು ಸಾಲಿಗೆ ಜಾಗ ಇದೆ. ಯಾವ ಕಚೇರಿ, ಯಾವ ಸೆಕ್ಷನ್, ಯಾವ ದಿನ, ಯಾವ ಕಾರಣಕ್ಕೆ, ಎಲ್ಲಿ ಅಪೀಲು. ನಮ್ಮೂರಿನಲ್ಲಿ ರಸ್ತೆ ಕೆಲಸಕ್ಕೆ ತುಂಬಾ ಮರ ಕಡಿಯಬೇಕಾದರೆ ಮೊದಲು ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳುತ್ತಾರೆ. ನಿಜಕ್ಕೂ ಭದ್ರತೆಯ ವಿಷಯವಾದರೆ ಒಂದು ಅವಧಿ ಗುಟ್ಟಾಗಿಡಲಿ, ಆಮೇಲೆ ಹೇಳಲಿ. ತಪ್ಪಾಗಿದ್ದರೆ ತಪ್ಪಾಯಿತು ಅನ್ನಲಿ. ನನ್ನ ರೂಮ್‌ಮೇಟ್ ಆ ವರ್ಷ ದಸರಾ ಕಳೆದ ಮೇಲೆ ವಾಪಸ್ ಬಂದಳು, ಅದೇ ಕುಕ್ಕರ್ ಹಿಡಿದುಕೊಂಡು. ಬಂದವಳೇ ನನ್ನನ್ನು ಕೇಳಿದ್ದು, ಆ ಮೆಸೇಜ್ ಕಳಿಸಿದ್ದು ಯಾರೆಂದು ಗೊತ್ತಾಯಿತಾ ಅಂತ.

ಆ ಭಾನುವಾರ ರಾತ್ರಿ ಮಲಗುವ ಮೊದಲು ಲಿಂಕ್ ಇನ್ನೊಮ್ಮೆ ಒತ್ತಿದೆ. ಈ ಸಲ ಪುಟ ಬಂತು. ನಕ್ಷೆ ಅಕ್ಕ ಹೇಳಿದ ಹಾಗೇ ಇತ್ತು. ಮೇಲೆ ಕೆರ್‌ವಿಲ್, ನದಿ ಬಲಕ್ಕೆ. ನಾನು ಪೆನ್ಸಿಲ್ಲಿನಲ್ಲಿ ಎಳೆದ ಗೆರೆಗಿಂತ ನದಿ ಸ್ವಲ್ಪ ಜಾಸ್ತಿ ಬಾಗಿತ್ತು. ‘ಈಗ ಕಾಣ್ತಾ ಉಂಟು’ ಎಂದು ಅಕ್ಕನಿಗೆ ಬರೆದೆ. ‘ಯಾರು ತೆಗೆದದ್ದಂತೆ?’ ಎಂದು ಕೇಳಿದಳು.